ಹಸಿರು ಎಂಜಿನ್ನಿಗೆ ಒಂದು ಹಳದಿ ಗೆರೆ

ಬೀದಿ ಗುಡಿಸುವವರು ಇನ್ನೂ ಬಂದಿಲ್ಲ. ಗೆರೆಯಮ್ಮನಿಗೆ ಬೇಕಾದದ್ದು ಈ ಹೊತ್ತೇ. ಪೊರಕೆ ಆಡಿದರೆ ದೂಳು ಏಳುತ್ತದೆ, ಎದ್ದ ದೂಳಿಗೆ ಊರಲ್ಲಿ ಬೇರೆ ಜಾಗವೇ ಇಲ್ಲವೇನೋ ಎಂಬಂತೆ ಹಸಿ ಬಣ್ಣದ ಮೇಲೆಯೇ ಬಂದು ಕೂರುತ್ತದೆ. ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ತಲೆಗೂದಲನ್ನು ಬಟ್ಟೆಯೊಳಗೆ ಬಿಗಿದು ಕಟ್ಟಿಕೊಂಡು ಅವರು ಮೇಜಿನ ಮುಂದೆ ಕೂರುತ್ತಾರೆ. ಎದುರಿಗೆ ಮೊಳದುದ್ದದ ಒಂದು ಮಾದರಿ ರೈಲು, ಉಗಿ ಎಂಜಿನ್ನು. ಕಡುಹಸಿರು ಬಾಯ್ಲರ್, ಕಪ್ಪು ಚಿಮಣಿ. ಬಾಯ್ಲರಿನ ಸುತ್ತ ಪೀಪಾಯಿಗೆ ಹಾಕಿದ ಹಾಗೆ ಪಟ್ಟಿಗಳು, ಒಂದೊಂದು ಪಟ್ಟಿಯ ಅಂಚಿಗೂ ಕೂದಲೆಳೆಯಂಥ ಹಳದಿ ಗೆರೆ. ಇವತ್ತು ಮಧ್ಯಾಹ್ನ ಮ್ಯೂಸಿಯಂನಿಂದ ಕಾರು ಬರುತ್ತದೆ. ಉಳಿದಿರುವುದು ಮೇಲೊಂದು ಕೈ ವಾರ್ನಿಷ್ ಮಾತ್ರ.

ಸ್ಪ್ರೇ ಗನ್ನು ಎತ್ತಿದವರು ಹಾಗೇ ಕೆಳಗಿಡುತ್ತಾರೆ. ದೀಪವನ್ನು ಓರೆಗೆ ಬಗ್ಗಿಸಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗುತ್ತಾರೆ. ಬಾಯ್ಲರಿನ ಬೆನ್ನ ಮೇಲೆ ಬಟ್ಟಲು ಕವುಚಿಟ್ಟ ಹಾಗೆ ಒಂದು ಗುಮ್ಮಟವಿದೆ. ಅದರ ಬುಡದಲ್ಲಿ ಬಣ್ಣ ಸಾಸಿವೆ ಕಾಳಿನಷ್ಟು ಉಬ್ಬಿದೆ.

"ರೀ, ಬನ್ನಿ ಇಲ್ಲಿ."

ಗಂಡ ಮುಖ ತೊಳೆಯುತ್ತಿದ್ದವರು ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ಬರುತ್ತಾರೆ. ಬೀದಿಯವರ ಬಾಯಲ್ಲಿ ಅವರು 'ರೇಡಿಯೊ ಮಾಮ'. ಮುಂದಿನ ಕೋಣೆಯಲ್ಲಿ ಹಿತ್ತಾಳೆ ತುಂಡುಗಳನ್ನು ಬೆಸೆದು ಎಂಜಿನ್ನು ಕಟ್ಟುವುದು ಅವರ ಕೆಲಸ. ಹಿಂದಿನ ಕೋಣೆಯಲ್ಲಿ ಅದಕ್ಕೆ ಬಣ್ಣ ಬಳಿದು ಗೆರೆ ಎಳೆಯುವುದು ಇವರದು, ಅದಕ್ಕೇ ಇವರು 'ಗೆರೆಯಮ್ಮ'.

"ದೂಳಿರಬೇಕು, ಕಣೇ."

"ದೂಳು ಮೇಲೆ ಕೂರುತ್ತೆ. ಇದು ಒಳಗಿಂದ ಎದ್ದಿದೆ."

ಒಳಗಿಂದ ಏಳುವುದು ಎಂದರೆ ಏನೆಂದು ಈ ಮನೆಗೆ ಚೆನ್ನಾಗಿ ಗೊತ್ತು.

ಬೆಸುಗೆ ಹಿಡಿಯಬೇಕಾದರೆ ಹಿತ್ತಾಳೆಗೆ ಮೊದಲು ಒಂದು ಹುಳಿ ದ್ರಾವಣ ಸವರಬೇಕು. ಬೆಸುಗೆ ಮುಗಿದ ಮೇಲೆ ಅದನ್ನು ಬಿಸಿನೀರಲ್ಲಿ ಉಜ್ಜಿ ತೆಗೆಯಬೇಕು. ಒಂದು ಹನಿ ಉಳಿದರೂ ಸಾಕು, ಬಣ್ಣದ ಅಡಿಯಲ್ಲೇ ಕುಳಿತು ಲೋಹವನ್ನು ತಿನ್ನುತ್ತದೆ, ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಕೆಲವು ವಾರಗಳ ಹಿಂದೆ ಇದೇ ಎಂಜಿನ್ನು ಮ್ಯೂಸಿಯಂಗೆ ಹೋಗಿ, ಗಾಜಿನ ಪೆಟ್ಟಿಗೆಯ ದೀಪದ ಕಾವಿಗೆ ಮೈಯೆಲ್ಲ ಬೊಬ್ಬೆ ಎದ್ದು ವಾಪಸು ಬಂದಿತ್ತು. ತೊಳೆದದ್ದು ಯಾರು ಎಂದು ಕೇಳಿಕೊಂಡಾಗ ಬಯಲಾದ ಸಂಗತಿ ಇಷ್ಟು: ಬಣ್ಣಕ್ಕೆ ಮುಂಚೆ ಇವಳು ತೊಳೆಯುತ್ತಾಳೆ ಎಂದು ಗಂಡ, ಬೆಸುಗೆ ಆದಮೇಲೆ ಅವರೇ ತೊಳೆದಿರುತ್ತಾರೆ ಎಂದು ಹೆಂಡತಿ ಅಂದುಕೊಂಡಿದ್ದರು. ಎರಡು ಕೋಣೆಯ ನಡುವಿನ ಹೊಸ್ತಿಲಲ್ಲಿ ಕೆಲಸವೊಂದು ಯಾರ ಕೈಗೂ ಸಿಗದೆ ಬಿದ್ದುಹೋಗಿತ್ತು.

ಮ್ಯೂಸಿಯಂನ ಮೇಲ್ವಿಚಾರಕಿ ಒಳ್ಳೆಯವರು. ಬೈಯಲಿಲ್ಲ. "ಇನ್ನೊಂದು ಸಲ ಮಾಡಿಕೊಡಿ. ಈ ಸಲವೂ ಹೀಗಾದರೆ ನನ್ನ ಕೈಲಿ ಏನೂ ಉಳಿಯಲ್ಲ. ಪೆಟ್ಟಿಗೆಯೊಳಗೆ ರೆಡಿಮೇಡ್ ಪ್ಲಾಸ್ಟಿಕ್ ಎಂಜಿನ್ನು ಇಟ್ಟುಬಿಡೋಣ ಅಂತ ಮೇಲಿನವರು ಆಗಲೇ ಹೇಳ್ತಿದ್ದಾರೆ" ಎಂದರು. ನಾಳೆ ಬೆಳಿಗ್ಗೆ ಮ್ಯೂಸಿಯಂನಲ್ಲಿ ಈ ಎಂಜಿನ್ನು ಇಡುವ ಕೋಣೆ ಜನರಿಗೆ ತೆರೆಯುತ್ತದೆ. ಈ ಎಂಜಿನ್ನನ್ನು ನಿಜವಾಗಿ ಓಡಿಸಿದ್ದ ಡ್ರೈವರ್ ಅಜ್ಜನೇ ಪರದೆ ಸರಿಸುವವರು. ಅಸಲಿ ಎಂಜಿನ್ನು ಎಂದೋ ಗುಜರಿಗೆ ಹೋಗಿದೆ.

"ಈ ಸಲ ನಾನೂ ತೊಳೆದೆ, ನೀವೂ ತೊಳೆದಿರಿ," ಎನ್ನುತ್ತಾರೆ ಗೆರೆಯಮ್ಮ. "ಮತ್ತೆ ಇದೆಲ್ಲಿಂದ ಬಂತು?"

ಗಂಡ ಟವೆಲ್ಲಿನಿಂದ ಒಣಗಿದ ಮುಖವನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

"ರೀ."

"ತೊಳೆದಾದ ಮೇಲೆ ನೋಡಿದೆ, ಗುಮ್ಮಟ ಒಂದು ಚೂರು ವಾಲಿತ್ತು. ಒಂದೇ ಒಂದು ಚುಕ್ಕೆ ಬೆಸುಗೆ ಇಟ್ಟೆ. ಬಟ್ಟೆಯಲ್ಲಿ ಒರೆಸಿದೆ."

"ಹೇಳಬಾರದಿತ್ತಾ?"

"ಹೇಳಿದ್ದರೆ ನೀನು ಪೂರ್ತಿ ಮತ್ತೆ ತೊಳಿ ಅಂತಿದ್ದೆ."

"ಅಂತಿದ್ದೆ! ಅದಕ್ಕೇ ಅಲ್ವಾ ಹೇಳಬೇಕಾಗಿದ್ದು! ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕೋ ಜಾತಿ ನಿಮ್ಮದು."

ಈ ಹೆಂಗಸಿನ ಕೈ ಪಳಗಿದ್ದು ಸೈಕಲ್ಲುಗಳ ಮೇಲೆ. ಮದುವೆಗೆ ಮುಂಚಿನಿಂದಲೂ ಸೈಕಲ್ ಕಾರ್ಖಾನೆಯಲ್ಲಿ ಚೌಕಟ್ಟಿನ ಕೊಳವೆಗಳಿಗೆ ಬಂಗಾರದ ಬಣ್ಣದ ಗೆರೆ ಎಳೆಯುತ್ತಿದ್ದರು, ದಿನಕ್ಕೆ ಸುಮಾರು ನಲವತ್ತು ಸೈಕಲ್ಲು. ಸ್ಟಿಕ್ಕರ್ ಬಂತು, ಕುಂಚ ಹಿಡಿದವರನ್ನೆಲ್ಲ ಮನೆಗೆ ಕಳಿಸಿದರು. ಅತ್ತ ಗಂಡನ ರೇಡಿಯೊ ರಿಪೇರಿಯೂ ನೆಲ ಕಚ್ಚಿತ್ತು. ಒಂದು ದಿನ ದಂತವೈದ್ಯರೊಬ್ಬರು ಪೆಟ್ಟಿಗೆಯೊಂದನ್ನು ತಂದು, ನಾಚಿಕೊಳ್ಳುತ್ತ, "ನನ್ನಿಂದ ಆಗಲಿಲ್ಲ, ನೀವು ಬೆಸೆದುಕೊಡ್ತೀರಾ?" ಎಂದು ಕೇಳಿದರು. ಒಳಗೆ ಹಿತ್ತಾಳೆ ತಗಡುಗಳು, ತಗಡಿನಲ್ಲಿ ಕೊರೆದ ನೂರಾರು ತುಂಡುಗಳು, ಒಂದು ನಕ್ಷೆ. ಮಾದರಿ ಎಂಜಿನ್ನಿನ ಕಿಟ್. ಗಂಡ ಬೆಸೆದರು. "ಇದಕ್ಕೆ ಗೆರೆ ಯಾರು ಹಾಕೋದು?" ಎಂದು ವೈದ್ಯರು ಕೇಳಿದಾಗ, ಒಳಗಿನಿಂದ ಉತ್ತರ ಬಂತು: "ಸೈಕಲ್ಲಿಗೆ ಹಾಕಿದವಳಿಗೆ ರೈಲು ದೊಡ್ಡದಾ?"

ದೊಡ್ಡದೇ ಆಗಿತ್ತು. ಮೊದಲನೆಯ ಎಂಜಿನ್ನಿನ ಗೆರೆಗಳನ್ನು ಅತ್ತೂ ಕರೆದೂ ಅಳಿಸಿ ಮತ್ತೆ ಎಳೆದರಂತೆ. ಈಗ ಒಂದು ಕಿಟ್ಟಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೈ ಚೆನ್ನಾಗಿದ್ದ ಬೆಳಿಗ್ಗೆ ಆರು ಗೆರೆ. ಕೆಟ್ಟ ಬೆಳಿಗ್ಗೆ ಒಂದೂ ಇಲ್ಲ. "ಮನೆಯಲ್ಲಿ ಜಗಳ ಆದ ದಿನ ಗೆರೆ ಎಳೆಯಲ್ಲ. ಅದಕ್ಕೇ ಇವರು ಜಗಳ ಮಾಡೋಕೆ ಹೆದರ್ತಾರೆ" ಎನ್ನುತ್ತಾರೆ.

ಇವತ್ತು ಜಗಳಕ್ಕೂ ಪುರುಸೊತ್ತಿಲ್ಲ. ವಾರ್ನಿಷ್ ಬಳಿದು ಕಳಿಸಿಬಿಟ್ಟರೆ ನಾಳೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುಂದಿನ ವಾರ, ದೀಪದ ಕಾವು ಹತ್ತಿದ ಮೇಲೆ. ಪೂರ್ತಿ ಬಣ್ಣ ಕಿತ್ತು ಮತ್ತೆ ಬಳಿಯಲು ದಿನಗಳೇ ಬೇಕು. ಗಂಡ ಮೆಲ್ಲಗೆ, "ಆಮೇಲೆ ಸರಿ ಮಾಡಿಕೊಡೋಣವಾ?" ಎಂದು ಕೇಳಿ ನೋಡುತ್ತಾರೆ. ಗೆರೆಯಮ್ಮ ಅಂಟು ಟೇಪು ತೆಗೆದುಕೊಂಡು ಗುಮ್ಮಟದ ಎರಡೂ ಬದಿಯ ಪಟ್ಟಿಗಳ ಮೇಲೆ ಸುತ್ತತೊಡಗುತ್ತಾರೆ. ಅಸಲಿ ಬಾಯ್ಲರಿನ ಹೊದಿಕೆಯೂ ಪಟ್ಟಿಯಿಂದ ಪಟ್ಟಿಗೆ ತುಂಡು ತುಂಡೇ. ಆ ಒಂದು ತುಂಡಿನ ಬಣ್ಣ ಮಾತ್ರ ಕಿತ್ತು ಮತ್ತೆ ಬಳಿದರೆ, ಹೊಸ ಬಣ್ಣ ಹಳೆಯದಕ್ಕೆ ಸೇರುವ ಜಾಗ ಪಟ್ಟಿಯ ಅಂಚಿನಲ್ಲೇ ಮರೆಯಾಗುತ್ತದೆ.

ಬಣ್ಣ ಕರಗಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಉಜ್ಜುತ್ತಾರೆ. ಹಸಿರು ಹೋಗಿ ಹಿತ್ತಾಳೆ ಕಾಣುತ್ತದೆ, ಗುಮ್ಮಟದ ಬುಡದಲ್ಲಿ ಉಗುರಿನಂಥ ಕಪ್ಪು ಕಲೆಯೂ ಕಾಣುತ್ತದೆ. ಅದನ್ನು ತೊಳೆಯುವುದು ಗಂಡ. ಹಲ್ಲುಜ್ಜುವ ಬ್ರಷ್ಷಿನಲ್ಲಿ, ಬಚ್ಚಲಲ್ಲಿ, ಮಗುವಿಗೆ ಸ್ನಾನ ಮಾಡಿಸುವಷ್ಟು ಜೋಪಾನವಾಗಿ. ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಾರೆ.

"ಆಯ್ತು," ಎನ್ನುತ್ತಾರೆ ಅವರು.

"ಇನ್ನೊಂದು ಸಲ."

ಆಮೇಲೆ ಬಲ್ಬು ಹೊತ್ತಿಸಿದ ತಗಡಿನ ಡಬ್ಬದ ಕಾವಿನಲ್ಲಿ ಒಣಗಿಸುವುದು, ತಳಬಣ್ಣ, ಮತ್ತೆ ಕಾವು, ಹಸಿರು, ಮತ್ತೆ ಕಾವು. ನಡುವೆ ಬೀದಿಯ ಪೊರಕೆ ಶುರುವಾದಾಗ ಗಂಡ ಹೊರಗೆ ಓಡಿ, ಗುಡಿಸುವವಳಿಗೆ ಕೈಮುಗಿದು, "ನಮ್ಮ ಮನೆ ಮುಂದೆ ಮಾತ್ರ ಇವತ್ತು ಬೇಡ ತಾಯಿ" ಎಂದು ಬೇಡಿಕೊಳ್ಳುತ್ತಾರೆ. ಅವಳು "ಏನು ಮಾಮ, ಒಳಗೆ ಬಾಣಂತಿ ಇದ್ದಾರಾ?" ಎಂದು ನಕ್ಕು ಮುಂದೆ ಹೋಗುತ್ತಾಳೆ.

ಕಾರು ಬರುವ ಹೊತ್ತಿಗೆ ಹೊಸ ಹಸಿರು ಹಳೆಯದಕ್ಕೆ ಹೊಂದಿಕೊಂಡಿದೆ. ಆದರೆ ಗುಮ್ಮಟಕ್ಕೆ ಒತ್ತಿಕೊಂಡಿರುವ ಒಂದು ಪಟ್ಟಿಯ ಅಂಚಿನ ಹಳದಿ ಗೆರೆ ಹೊಸ ಹಸಿರಿನಡಿ ಹೋಗಿದೆ. ಹಸಿ ಬಣ್ಣದ ಮೇಲೆ ಗೆರೆ ಎಳೆದರೆ ಎರಡೂ ಕಲೆತುಹೋಗುತ್ತವೆ. ಮೇಲ್ವಿಚಾರಕಿಗೆ ಗೆರೆಯಮ್ಮ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. "ಮೇಡಂ, ಒಂದು ಗೆರೆ ಇಲ್ಲದೇ ಕಳಿಸ್ತಿದ್ದೀನಿ. ನಾಳೆ ಜನ ಬರೋ ಮುಂಚೆ ಅಲ್ಲೇ ಬಂದು ಹಾಕ್ತೀನಿ. ವಾರ್ನಿಷ್ ಇನ್ನೊಂದು ದಿನ ಬಳಿದರಾಯ್ತು." ಆ ಕಡೆಯಿಂದ "ಕೆಟ್ಟರೆ?" ಎಂಬ ಪ್ರಶ್ನೆ ಬರುತ್ತದೆ. "ಕೆಟ್ಟರೆ ನೀವು ಪ್ಲಾಸ್ಟಿಕ್ಕಿನದು ಇಡಿ. ನಾನು ಏನೂ ಅನ್ನಲ್ಲ."

ಮರುದಿನ ಬೆಳಿಗ್ಗೆ ಮ್ಯೂಸಿಯಂ ಕೋಣೆಯಲ್ಲಿ ಗಾಜಿನ ಮುಚ್ಚಳ ತೆಗೆದಿಟ್ಟಿದ್ದಾರೆ. ಗೋಡೆಯ ಬದಿಗೆ ಪ್ಲಾಸ್ಟಿಕ್ ಎಂಜಿನ್ನಿನ ಡಬ್ಬವೂ ಇದೆ, ಇನ್ನೂ ತೆರೆಯದ್ದು. ಗೆರೆಯಮ್ಮ ಅತ್ತ ಒಂದು ಸಲ ನೋಡಿ ಚೀಲದಿಂದ ಗೆರೆಪೆನ್ನು ತೆಗೆಯುತ್ತಾರೆ. ಹಳೆಯ ಬಣ್ಣದ ಮೇಲೆ ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಎಳೆಯಬಹುದು. ಒಂದೇ ರಾತ್ರಿ ಒಣಗಿದ ಬಣ್ಣ ಅಷ್ಟನ್ನು ತಾಳುವುದಿಲ್ಲ. ಒರೆಸಿದರೆ ಹಸಿರೂ ಜೊತೆಗೆ ಬರುತ್ತದೆ. ಇರುವುದು ಒಂದೇ ಎಳೆತ.

ಗಂಡ ಅವರ ಹೆಗಲ ಹಿಂದೆ ಬಗ್ಗುತ್ತಾರೆ. "ನೀವು ಆಚೆ ನಿಂತ್ಕೊಳ್ಳಿ. ನೀವು ಉಸಿರು ಬಿಟ್ಟರೆ ಎಂಜಿನ್ನೇ ಹೊರಟುಬಿಡುತ್ತೆ," ಎನ್ನುತ್ತಾರೆ ಗೆರೆಯಮ್ಮ.

ಗೆರೆಪೆನ್ನು ಎಂದರೆ ಎರಡು ಉಕ್ಕಿನ ನಾಲಿಗೆಗಳು, ನಡುವೆ ಒಂದು ತಿರುಪು. ನಾಲಿಗೆಗಳ ನಡುವೆ ಹನಿ ಬಣ್ಣ ಬಿಟ್ಟು, ಹೆಬ್ಬೆರಳ ಉಗುರಿನ ಮೇಲೆ ಗೀಚಿ ನೋಡುತ್ತಾರೆ. ದಪ್ಪ. ತಿರುಪನ್ನು ಒಂದು ಎಳೆ ಬಿಗಿಸುತ್ತಾರೆ. ಬಲಗೈಯ ಕೆಳಗೆ ಎಡಗೈ ಆನಿಸುತ್ತಾರೆ. ಉಸಿರು ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮುಂಚೆ, ಪೆನ್ನು ಪಟ್ಟಿಯ ಅಂಚಿಗೆ ಇಳಿಯಬೇಕು. ಇಳಿಯುವಷ್ಟರಲ್ಲಿ ಹೊರಗೆ ಯಾರೋ ಕೆಮ್ಮುತ್ತಾರೆ. ಪೆನ್ನು ಗಾಳಿಯಲ್ಲೇ ನಿಲ್ಲುತ್ತದೆ. ಕೆಮ್ಮು ನಿಲ್ಲುವುದಿಲ್ಲ. ಪೆನ್ನಿನ ತುದಿಯ ಬಣ್ಣ ಒಣಗುತ್ತಿದೆ. ಒರೆಸಿ, ಮತ್ತೆ ತುಂಬಿ, ಮತ್ತೆ ಉಗುರಿಗೆ ಗೀಚಿ, ಕಾಯುತ್ತಾರೆ. ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡಿದ್ದಾರೆ.

ಕೆಮ್ಮು ನಿಂತ ಕ್ಷಣ ಪೆನ್ನು ಇಳಿಯುತ್ತದೆ, ಬಾಯ್ಲರಿನ ಈ ಬದಿಯಿಂದ ಬೆನ್ನೇರಿ ಆ ಬದಿಗೆ ಇಳಿಯುತ್ತದೆ. ಗೆರೆಯಮ್ಮ ಕೈ ಎತ್ತಿ, ದೊಡ್ಡದಾಗಿ ಉಸಿರೆಳೆದುಕೊಂಡು, ಹತ್ತಿರದ ಕುರ್ಚಿಯಲ್ಲಿ ಕುಸಿಯುತ್ತಾರೆ.

ಕೆಮ್ಮಿದವರು ಡ್ರೈವರ್ ಅಜ್ಜ. ಎಲ್ಲರಿಗಿಂತ ಮುಂಚೆ ಬಂದು ಕಾಯುತ್ತಿದ್ದವರು. ಒಳಗೆ ಬಂದು, ಎಂಜಿನ್ನಿನ ಮುಂದೆ ನಿಲ್ಲುತ್ತಾರೆ. ಮೇಲ್ವಿಚಾರಕಿ ಸಂತೋಷ ತಡೆಯಲಾಗದೆ, "ಅಜ್ಜ, ಒಂದು ಗೆರೆ ಈಗಷ್ಟೇ ಹಾಕಿದ್ದಾರೆ" ಎಂದುಬಿಡುತ್ತಾರೆ.

"ಯಾವುದು? ಹೇಳಬೇಡಿ, ಹೇಳಬೇಡಿ. ನಾನೇ ಹುಡುಕ್ತೀನಿ." ಕನ್ನಡಕ ಒರೆಸಿ, ಬಗ್ಗಿ, ಒಂದೊಂದೇ ಪಟ್ಟಿ ನೋಡುತ್ತಾರೆ. ಚಿಮಣಿಯ ಪಕ್ಕದ ಪಟ್ಟಿಗೆ ಬೆರಳು ತೋರಿಸುತ್ತಾರೆ. "ಇದೇ. ಮಿಕ್ಕಿದ್ದಕ್ಕಿಂತ ಒಂದು ಚೂರು ದಪ್ಪ ಅಲ್ವಾ ತಾಯಿ?"

ಗಂಡ ಬಾಯಿ ತೆರೆಯುತ್ತಾರೆ. ಗೆರೆಯಮ್ಮ ಅವರ ಕಾಲು ತುಳಿಯುತ್ತಾರೆ. "ಹೂಂ ಅಜ್ಜ, ನಿಮ್ಮ ಕಣ್ಣು ಚುರುಕು."

ಪ್ಲಾಸ್ಟಿಕ್ಕಿನ ಡಬ್ಬವನ್ನು ಯಾರೋ ಸದ್ದಿಲ್ಲದೆ ಒಳಗೆ ಒಯ್ಯುತ್ತಾರೆ. ಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಎಂಜಿನ್ನಿನ ಇತಿಹಾಸವಿದೆ, ಕಟ್ಟಿದವರ ಹೆಸರಿಲ್ಲ. ಹೆಸರು ಹಾಕಿಸಬೇಕಾ ಎಂದು ಮೇಲ್ವಿಚಾರಕಿ ಕೇಳಿದರೆ ಗೆರೆಯಮ್ಮ ಬೇಡವೆಂದು ತಲೆಯಾಡಿಸುತ್ತಾರೆ. ಅವರಿಗೆ ಬೇಕಾಗಿರುವುದು ಮನೆಯ ಎರಡು ಕೋಣೆಗಳ ನಡುವೆ ಒಂದು ನಲ್ಲಿ. "ಇವರ ಮೇಜಿಂದ ನನ್ನ ಮೇಜಿಗೆ ಬರೋದು ಏನೇ ಆಗಲಿ, ಅದನ್ನು ದಾಟಿಯೇ ಬರಬೇಕು."

ಹೊರಗೆ ಮೆಟ್ಟಿಲಿಳಿಯುವಾಗ ಗಂಡ ಕೇಳುತ್ತಾರೆ: "ಅಜ್ಜ ತಪ್ಪು ಹೇಳಿದರೂ ಹೂಂ ಅಂದೆಯಲ್ಲೇ?"

"ಹೊಸ ಗೆರೆ ಅವರಿಗೆ ಸಿಗಲಿಲ್ಲ. ಅಷ್ಟು ಸಾಕು ನನಗೆ." ಇನ್ನೆರಡು ಮೆಟ್ಟಿಲು ಇಳಿದು ನಿಲ್ಲುತ್ತಾರೆ. "ಆದ್ರೂ ಆ ಚಿಮಣಿ ಪಕ್ಕದ್ದು ದಪ್ಪ ಅಂದರಲ್ಲ ರೀ. ತಾಳಿ, ಒಂದು ಸಲ ನೋಡ್ಕೊಂಡು ಬಂದುಬಿಡ್ತೀನಿ."