ಹೆಂಡತಿಯಾದವಳು ಗಂಡನಿಗೆ ಭಯಪಡಲಿ

ಅರ್ಗೀರೋಳ ಎಡಗಾಲಿನ ಎರಡು ಬೆರಳು ಮುರಿದದ್ದು ಹೇಗೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಅವಳನ್ನು ಕುಂಟಿ ಎಂದು ಕರೆಯುತ್ತಿದ್ದರು.

ಗ್ರೀಸಿನ ಎಪಿರಸ್ ಸೀಮೆಯ ಆ ಬೆಟ್ಟದೂರಿನ ಮದುವೆಗಳಲ್ಲಿ ಎಲ್ಲರೂ ಕಾಯುವುದು ಒಂದೇ ಗಳಿಗೆಗೆ. ಬೈಬಲಿನ ಪೌಲನ ಪತ್ರದಿಂದ ಓದುವ ಭಾಗದ ಕೊನೆಯ ಸಾಲು, 'ಹೆಂಡತಿಯಾದವಳು ಗಂಡನಿಗೆ ಭಯಪಡಲಿ' ಎಂದು ಚರ್ಚಿನ ಗಾಯಕ ದನಿಯೇರಿಸುವಾಗ, ತಾನು ಹೆದರುವವಳಲ್ಲ ಎಂದು ಮದುಮಗಳು ತಮಾಷೆಗೆ ಮದುಮಗನ ಕಾಲು ತುಳಿಯಬೇಕು. ಹತ್ತೊಂಬತ್ತರ ಅರ್ಗೀರೋ ತುಳಿದಳು. ಚರ್ಚಿಗೆ ಚರ್ಚೇ ನಕ್ಕಿತು. ಕಟುಕ ಮಿಲ್ತೋಸ್, ಅವಳ ಗಂಡ, ತಾನೂ ನಕ್ಕ. ಮನೆಗೆ ಬಂದು ಬಾಗಿಲು ಹಾಕಿ, ಬೂಟು ಬಿಚ್ಚದೆ ಅವಳ ಪಾದದ ಮೇಲೆ ಹಿಮ್ಮಡಿ ಊರಿ ನಿಂತ.

ಆ ಸಾಲು ಓದಿದವನು ಅವಳ ಸ್ವಂತ ಅಣ್ಣ ಸ್ತಾಮುಲಿಸ್. ಮಾರನೆಯ ದಿನ ಬಂದವನು ಬಟ್ಟೆ ಸುತ್ತಿದ ಕಾಲು ನೋಡಿದ.

"ನೋಯಲಿಲ್ಲ ಅಣ್ಣಾ" ಎಂದಳು. ಆ ಮಾತು ಅವನಿಗೆ ಸಾಕಾಗಿತ್ತು. ಕಾಫಿ ಕುಡಿದು ಎದ್ದು ಹೋದ.

ಮಿಲ್ತೋಸ್ ಸತ್ತ ಮೂರು ವರ್ಷಕ್ಕೆ ಮಗಳು ಎವಾಂಥಿಯಾಳ ಮದುವೆ ಗೊತ್ತಾಯಿತು. ಹುಡುಗ ಲಾಂಬ್ರೋಸ್ ನಗುಮುಖದವನು. ನಿಶ್ಚಿತಾರ್ಥದ ಊಟದಲ್ಲಿ ಎವಾಂಥಿಯಾ ಅವನ ಅಂಗಿಗೆ ವೈನ್ ಚೆಲ್ಲಿದಾಗಲೂ ನಗುತ್ತಲೇ ಇದ್ದ. ಮೇಜಿನ ಕೆಳಗೆ ಅವಳ ತೊಡೆ ಹಿಂಡುತ್ತಿದ್ದದ್ದನ್ನು ಅರ್ಗೀರೋ ಒಬ್ಬಳೇ ಕಂಡಳು. ಬೇಡ ಕಣೇ ಎಂದರೆ ಮಗಳು ಕೇಳಲಿಲ್ಲ. "ಸರಿ, ಕಾಲನ್ನಾದರೂ ತುಳೀಬೇಡ" ಎಂದು ಆಣೆ ಹಾಕಿಸಿಕೊಂಡಳು. ಅದೂ ಸಾಲದೆಂದು ಅಣ್ಣನ ಬಳಿ ಹೋದಳು.

"ಆ ಸಾಲೊಂದು ಬಿಟ್ಟುಬಿಡಣ್ಣ."

"ತಲೆ ಕೆಟ್ಟಿದೆಯೇನೇ? ಪೌಲನ ಮಾತು." ಸ್ತಾಮುಲಿಸ್ ಒಂದು ವರ್ಷ ಪಾದ್ರಿಗಳ ಶಾಲೆಯಲ್ಲಿ ಕೂತವನು. "ಅಲ್ಲಿ 'ಭಯಪಡಲಿ' ಅನ್ನೋದಕ್ಕಿರೋ 'ಫೊವೀತೆ' ಅಂದ್ರೆ ನಮ್ಮ ನಿಮ್ಮ ಹೆದರಿಕೆ ಅಲ್ಲ. ಗೌರವ. ದೇವರಿಗೆ ಭಯಪಡು ಅಂತಾರಲ್ಲ, ಅದೇ ಕ್ರಿಯಾಪದ."

ಅರ್ಗೀರೋಗೆ ಅಕ್ಷರ ಬಾರದು. ಆದರೆ ನಲವತ್ತು ವರ್ಷ ಚರ್ಚಿನ ನೆಲ ಒರೆಸುತ್ತ ಸುವಾರ್ತೆಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡವಳು.

"ಪೇತ್ರ ಗಾಳಿ ನೋಡಿ ಹೆದರಿ ನೀರಲ್ಲಿ ಮುಳುಗ್ತಿದ್ದ ಅಂತ ಓದ್ತೀಯಲ್ಲ, ಅವನು ಗಾಳಿಗೆ ಗೌರವ ಕೊಡ್ತಿದ್ನಾ? ಯೇಸುವಿನ ಸಮಾಧಿ ಹತ್ರ ಹೋದ ಹೆಂಗಸರು ಹೆದರಿ ಓಡಿದ್ರು, ಯಾರಿಗೂ ಏನೂ ಹೇಳಲಿಲ್ಲ ಅಂತೀಯ. ಅಲ್ಲೂ ಅದೇ ಮಾತೇ ತಾನೇ?"

"ಅದು ಬೇರೆ ಸಂದರ್ಭ."

"ನನ್ನ ಕಾಲು ಯಾವ ಸಂದರ್ಭ?"

ಸ್ತಾಮುಲಿಸ್ ಗಂಟಲು ಸರಿಮಾಡಿಕೊಂಡ. "ನೋಡು, ನನ್ನ ದನಿ ಮೇಲಕ್ಕೆ ಹೋಗೋದೇ ಅಲ್ಲಿ. ಜನ ಕಾಯೋದು ಅದಕ್ಕೇ. ಬಿಡು ಅಂದ್ರೆ ಹೆಂಗೆ ಬಿಡ್ಲಿ?"

ತಂಗಿಯ ಎರಡು ಬೆರಳನ್ನು ಮರೆಸುವಷ್ಟು ಎತ್ತರದ ದನಿ ಅದು. ಇಂಥವರ ಬಾಯಲ್ಲಿ ಪದದ ಅರ್ಥ ಯಾವಾಗಲೂ ಮೆತ್ತಗೇ ಇರುತ್ತದೆ. ಗಟ್ಟಿ ಭಾಗ ಬೀಳುವುದು ಬೇರೆಯವರ ಮೈಮೇಲೆ.

ಮದುವೆಯ ದಿನ ಸ್ತಾಮುಲಿಸ್ ಕಣ್ಣು ಮುಚ್ಚಿ ಆ ಸಾಲನ್ನು ಗುಮ್ಮಟಕ್ಕೆ ಏರಿಸಿದ. ಲಾಂಬ್ರೋಸ್ ತಮಾಷೆಗೆಂದು ಕಾಲು ಮುಂದೆ ಚಾಚಿದ. ಎವಾಂಥಿಯಾ ಅಲುಗಲಿಲ್ಲ. ಜನ ಕತ್ತು ಚಾಚಿದರು. ಯಾರೋ ಹಿಂದಿನಿಂದ, "ತುಳಿಯೇ, ಕುಂಟಿ ಮಗಳೇ" ಎಂದರು.

ಜನ ನಗದೇ ಇದ್ದದ್ದು ಸ್ತಾಮುಲಿಸನಿಗೆ ಸಹಿಸಲಾಗಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಕೆಲಸ ಮಾಡಿದ. ಅದೇ ಸಾಲನ್ನು ಇನ್ನೊಮ್ಮೆ, ಇನ್ನೂ ಎತ್ತರದಲ್ಲಿ ಹಾಡಿದ. ಆಗ ಲಾಂಬ್ರೋಸ್ ತನ್ನ ಬೂಟನ್ನೆತ್ತಿ ಮದುಮಗಳ ಪಾದದ ಮೇಲಿಟ್ಟು, ಓದು ಮುಗಿಯುವವರೆಗೂ ತೆಗೆಯಲಿಲ್ಲ. ಚರ್ಚು ಬಿದ್ದು ಬಿದ್ದು ನಕ್ಕಿತು.

ಊಟದ ಹೊತ್ತಿಗೆ ಸ್ತಾಮುಲಿಸ್ ತಂಗಿಯ ಬಳಿ ಬಂದ. "ನೋಡಿದ್ಯಾ, ಎಷ್ಟು ಖುಷಿಪಟ್ರು ಜನ."

ಅರ್ಗೀರೋ ಮಗಳ ಮುಂದೆ ಮಂಡಿಯೂರಿ, ಬಿಳಿ ಚಪ್ಪಲಿಯ ಮೇಲೆ ಮೂಡಿದ್ದ ಬೂಟಿನ ಕಪ್ಪು ಗುರುತನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದಳು. ಗುರುತು ಹೋಗಲಿಲ್ಲ.

"ಬಿಡಮ್ಮ" ಎಂದಳು ಎವಾಂಥಿಯಾ, ಗಂಡ ಕೂತಿದ್ದ ಕಡೆ ಒಮ್ಮೆ ನೋಡಿ. "ನೋಯಲಿಲ್ಲ."