ಪುಟ್ಟಸ್ವಾಮಣ್ಣ ಮತ್ತು ಕೆಂಪು ಮಣಿ

ಪುಟ್ಟಸ್ವಾಮಣ್ಣ ಕಂಪ್ಯೂಟರಿನಲ್ಲಿ ಯಾರಿಗೇ ಬರೆಯಲಿ, ಮೊದಲು ಕೇಳುತ್ತಿದ್ದುದು "ಊಟ ಆಯಿತಾ?" ಎಂದು. ಆ ಕಡೆಯವರು ಜರ್ಮನಿಯವರಾದರೂ ಸರಿ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಂದೇ ಬೆರಳಲ್ಲಿ ಟಕ್ ಟಕ್ ಎಂದು ಇಂಗ್ಲಿಷಿನಲ್ಲಿ ಊಟದ ವಿಚಾರ ಒತ್ತುತ್ತಿದ್ದರು.

ಚನ್ನಪಟ್ಟಣದ ನಮ್ಮ ಬೀದಿ ತುದಿಯಲ್ಲಿ ಅವರ ಇಂಟರ್ನೆಟ್ ಸೆಂಟರ್. ನಮ್ಮ ಬೊಂಬೆ ಮಾಡುವವರ ಸಂಘಕ್ಕೊಂದು ವೆಬ್‌ಸೈಟ್ ಇತ್ತು, ಬರೀ ಬೊಂಬೆಗಳ ಫೋಟೋ. ಕೊಂಡವರು ಮಾತಾಡಲು ಅಲ್ಲಿ ದಾರಿಯಿರಲಿಲ್ಲ. ಪುಟ್ಟಸ್ವಾಮಣ್ಣ ಇಂಟರ್ನೆಟ್ಟಿನಲ್ಲೇ ಹುಡುಕಿ, ಹೊರದೇಶದ ಕಂಪನಿಯೊಂದು ಬಿಟ್ಟಿಯಾಗಿ ನಡೆಸುವ ಜಾಗ ಕಂಡುಹಿಡಿದರು. ನಾವು ಹೆಸರು ಕೊಟ್ಟರೆ ಸಾಕು. ಸದಸ್ಯರ ಪುಟ, ಫೋಟೋ, ಮಾತುಕತೆ ಎಲ್ಲವನ್ನೂ ಅವರ ಯಂತ್ರಗಳೇ ನೋಡಿಕೊಳ್ಳುತ್ತವೆ. ಅದನ್ನು ಸಂಘದ ವೆಬ್‌ಸೈಟಿಗೆ ಸೇರಿಸಿದರು.

"ಬಿಟ್ಟಿ ಬಾಡಿಗೆ ಮನೆ ಇದ್ದಂಗೆ ಕಣ ನಿಂಗಕ್ಕ. ಗ್ವಾಡೆ ಅವ್ರದು, ಬರೋ ನೆಂಟ್ರು ನಮ್ಮೋರು" ಎಂದು ನನಗೆ ಹೇಳುತ್ತಿದ್ದರು.

ಫೋಟೋ ಹಿಡಿಯಲು ಬಂದಾಗ ನಾನು ಸೆರಗು ಮುಖಕ್ಕೆಳೆದುಕೊಂಡೆ.

"ಬೊಂಬೆಗೆ ಫೋಟೋ ಐತೆ, ಮಾಡ್ದೋಳ್ಗೆ ಬ್ಯಾಡ್ವಾ? ತಗೀ ಅತ್ಲಾಗೆ!" ಎಂದು ಗದರಿದರು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮುಖ ಹಾಗೆ ದೇಶ ನೋಡಿತು.

ಆ ವರ್ಷವೇ ನನ್ನ ಸೊಸೆ ಗುಡೇಮಾರನಹಳ್ಳಿಯ ತವರಿನಲ್ಲಿ ಹೆತ್ತಳು. ಮೊಮ್ಮಗ! ಕೈಯಲ್ಲಿ ಗಿಲಕಿಗಳ ಆರ್ಡರ್ ಇತ್ತು. ಮುಗಿಸದೆ ಹೋಗುವಂತಿಲ್ಲ, ಹೋಗದೆ ಇರಲಾರೆ. ನಾವು ಬೊಂಬೆ ಕಡೆಯುವ ಹಾಲೆ ಮರ ಚೆನ್ನಾಗಿ ಒಣಗಬೇಕು. ಹಸಿ ಇದ್ದರೆ ಆಮೇಲೆ ಕುಗ್ಗಿ, ಒಳಗಿನ ಮಣಿ ಬೀಳದಂತೆ ಬಡಿದ ಬಿರಡೆ ಸಡಿಲವಾಗುತ್ತದೆ. ಗೊತ್ತಿದ್ದೂ, ಸಂತೋಷದ ಆತುರದಲ್ಲಿ ಹಸಿ ಮರವನ್ನೇ ಕಡೆದು ಕಳಿಸಿಬಿಟ್ಟೆ.

ಆದಷ್ಟಾದಷ್ಟು ಕಳಿಸುತ್ತಾ, ಮೂರು ವಾರಕ್ಕೆ ಆರ್ಡರ್ ಮುಗಿಸಿ ಬಸ್ಸಿಗೆ ಚೀಲ ಕಟ್ಟುತ್ತಿದ್ದೆ, ಪುಟ್ಟಸ್ವಾಮಣ್ಣ ಕರೆಸಿದರು. ಪುಣೆಯ ತಾಯಿಯೊಬ್ಬಳು ನಮ್ಮ ಪುಟದಲ್ಲಿ ಬರೆದಿದ್ದಳು: ಗಿಲಕಿಯ ಬಿರಡೆ ಕಳಚಿತು, ಮಗು ಕೆಂಪು ಮಣಿ ನುಂಗಿದೆ.

ಸಂಘದ ಕಾರ್ಯದರ್ಶಿ ಆಗಲೇ ಬಂದು ಕೂತಿದ್ದ. "ಅಳಿಸಾಕ್ಬುಡಿ ಸ್ವಾಮಣ್ಣ. ನೋಡ್ದೋರು ಯಾರ್ ತಗೋತಾರೆ?"

"ಬರ್ದಿರೋದ್ನ ಅಳುಸ್ಬೋದು ಕಣಯ್ಯ. ಮಗೀನ ಹೊಟ್ಟೇಲಿರೋದ್ನ ಹೆಂಗ್ ಅಳುಸ್ತೀಯಾ?" ಎಂದು ನನ್ನ ಕಡೆ ತಿರುಗಿದರು. "ನಿಂಗಕ್ಕ, ಮರ ಒಣಗಿತ್ತಾ?"

"ಇಲ್ಲ ಕಣಣ್ಣ."

"ಸರಿ. ಅದ್ನೇ ಬರೀತೀನಿ."

ಅವತ್ತು ಊಟದ ವಿಚಾರ ಕೇಳಲಿಲ್ಲ. ತಪ್ಪು ನಮ್ಮದು, ಕೂಡಲೇ ಮಗುವನ್ನು ಡಾಕ್ಟರಿಗೆ ತೋರಿಸಿ ಎಂದು ಬರೆದರು. ಆ ಗಿಲಕಿ ಕೊಂಡ ಎಲ್ಲರಿಗೂ, ಮಕ್ಕಳ ಕೈಯಿಂದ ತೆಗೆದಿಡಿ ಎಂದು ತಿಳಿಸಿದರು.

ನಾನು ಗುಡೇಮಾರನಹಳ್ಳಿಗೆ ಹೋಗಲಿಲ್ಲ. ಯಾರದೋ ಮಗುವಿನ ಹೊಟ್ಟೆಯಲ್ಲಿ ನನ್ನ ಮಣಿ ಇರುವಾಗ ನನ್ನ ಮೊಮ್ಮಗನನ್ನು ಯಾವ ಕೈಯಲ್ಲಿ ಎತ್ತಿಕೊಳ್ಳಲಿ? ಎರಡು ದಿನ ಸೆಂಟರಿನ ಬೆಂಚಿನ ಮೇಲೇ ಕೂತೆ. ಬೆಳಿಗ್ಗೆ ಸಂಜೆ ಪುಟ್ಟಸ್ವಾಮಣ್ಣ ಟೀ ತರಿಸುತ್ತಿದ್ದರು.

ಮೂರನೇ ದಿನ ನಾನಿನ್ನೂ ಬಾಗಿಲಿಗೆ ನೀರು ಹಾಕುತ್ತಿದ್ದೆ. ಪುಟ್ಟಸ್ವಾಮಣ್ಣ ಬರಿಗಾಲಲ್ಲಿ ಓಡಿಬಂದರು.

"ಅಕ್ಕೋ! ಬಂತು ಕಣಕ್ಕ!"

"ಉತ್ತರವಾ?"

"ಮಣಿ ಕಣಕ್ಕ, ಮಣಿ! ನಿನ್ನೆ ಸಂಜೆ ಬಂತಂತೆ. ಡಾಕ್ಟ್ರೂ ನೋಡಿದ್ರಂತೆ, ಮಗು ಆಡ್ಕೊಂಡೈತಂತೆ." ಏದುಸಿರು ಬಿಟ್ಟು ಜಗಲಿ ಮೇಲೆ ಕೂತರು. "ನಿನ್ ಬಣ್ಣ ಮಾತ್ರ ಗಟ್ಟಿ ಬುಡು. ಅಷ್ಟ್ ದೂರ ಹೋಗ್ ಬಂದ್ರೂ ಕೆಂಪಗೇ ಐತಂತೆ!"

ನಕ್ಕೆ, ಅತ್ತೆ, ಬಿಂದಿಗೆ ನೀರೆಲ್ಲ ಕಾಲಮೇಲೆ ಸುರಿದುಕೊಂಡೆ. ಮಧ್ಯಾಹ್ನದ ಬಸ್ಸಿಗೇ ಹೋಗಿ ಮೊಮ್ಮಗನನ್ನು ಎತ್ತಿಕೊಂಡೆ. ಅಬ್ಬಾ, ಆ ಭಾರ! ಇಳಿಸಲು ಮನಸ್ಸೇ ಬರಲಿಲ್ಲ, ಬೀಗಿತ್ತಿಯೇ ಕಿತ್ತುಕೊಳ್ಳಬೇಕಾಯಿತು. ವಾಪಸು ಬಂದು, ಒಣ ಮರದಲ್ಲಿ ಅಷ್ಟೂ ಗಿಲಕಿಗಳನ್ನು ಹೊಸದಾಗಿ ಮಾಡಿ ಕಳಿಸಿದೆ.

ಕೆಲವು ವರ್ಷಕ್ಕೆ ಆ ಕಂಪನಿ ಬಿಟ್ಟಿ ಸೌಕರ್ಯ ನಿಲ್ಲಿಸಿತು, ನಮ್ಮ ಪುಟವೂ ಹೋಯಿತು. ಪುಟ್ಟಸ್ವಾಮಣ್ಣ ಸೆಂಟರ್ ಮುಚ್ಚಿ ಕನಕಪುರದ ಮಗಳ ಮನೆಗೆ ಹೊರಟರು. ಹೊರಡುವ ದಿನ ಬಂದು ಒಂದು ಬಣ್ಣದ ಹಾಳೆ ಕೈಗಿಟ್ಟರು. ಆ ಪುಣೆಯ ತಾಯಿ ಪುಟಕ್ಕೆ ಹಾಕಿದ್ದ ಫೋಟೋ. ಎರಡೇ ಹಲ್ಲಿನ ಹುಡುಗಿ, ಹೊಸ ಗಿಲಕಿ ಕಚ್ಚಿಕೊಂಡು ನಗುತ್ತಿದ್ದಾಳೆ.

"ಪುಟ ಅಳ್ಸೋಗೋ ಮುಂಚೆ ತಗುದ್ಬುಟ್ಟೆ. ಮಡೀಕೋ" ಎಂದರು. ಅದೇ ಕೊನೆ, ಮತ್ತೆ ಅವರನ್ನು ನೋಡಲಾಗಲಿಲ್ಲ.

ಆ ಫೋಟೋ ಮೊಮ್ಮಗನ ಫೋಟೋದ ಪಕ್ಕದಲ್ಲಿದೆ. ಬಂದವರು "ಇವ್ಳೂ ನಿಮ್ ಮೊಮ್ಮಗಳಾ?" ಎಂದು ಕೇಳುತ್ತಾರೆ.

ಹೂಂ ಎನ್ನುತ್ತೇನೆ.