ಕಂಬಿಯಾಚೆಯ ಗಂಗೆ

ಇವತ್ತು ಬೆಳಿಗ್ಗೆ ಕೆರೆಯ ಪಕ್ಕ ವಾಕಿಂಗ್ ಹೋಗಿದ್ದಾಗ ಗಾಳಿ ಸ್ವಲ್ಪ ದಿಕ್ಕು ಬದಲಿಸಿತು. ಅಲ್ಲಿಯವರೆಗೆ ಆಫೀಸ್ ಟವರಿನ ಕೆಳಗಿನ ಬೇಕರಿಯಿಂದ ಬೆಣ್ಣೆ, ಚಕ್ಕೆಯ ಪರಿಮಳ ಬರುತ್ತಿತ್ತು. ಅದನ್ನು ಪಕ್ಕಕ್ಕೆ ತಳ್ಳಿಕೊಂಡು ಹಸಿ ಜೊಂಡಿನ, ಕೆಸರಿನ ವಾಸನೆ ಬಂತು. ನನ್ನ ಮುಂದೆ ಹೋಗುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ನಿಂತುಬಿಟ್ಟೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆಯ ಸೀರೆಯ ನೆರಿಗೆಯಿಂದ ಇದೇ ವಾಸನೆ ಬರುತ್ತಿತ್ತು.

ಇದು ಯಾವ ಕೆರೆ ಎಂದು ಕೇಳಬೇಡಿ. ಹೆಬ್ಬಾಳದಿಂದ ಯಲಹಂಕದ ಕಡೆ ಹೊರಟರೆ ಎಡಕ್ಕೋ ಬಲಕ್ಕೋ ಕೆರೆಗಳು ಕಾಣುತ್ತವಲ್ಲ, ಅವುಗಳಲ್ಲಿ ಒಂದು ಎಂದುಕೊಳ್ಳಿ. ಈಗ ಅದರ ಹೆಸರು ವಾಟರ್‌ಫ್ರಂಟ್. ನದಿಯಿಲ್ಲದ ಊರಿನಲ್ಲಿ ನದಿತೀರ ಬೇಕೆಂದರೆ ಕೆರೆಯ ಅಂಚನ್ನೇ ಹಿಡಿಯಬೇಕಲ್ಲ. ಎರಡು ಗಾಜಿನ ಟವರು, ನಡುವೆ ಕಲ್ಲುಹಾಸಿನ ಬಯಲು, ಬಯಲಿನಲ್ಲಿ ನೆಲದಿಂದಲೇ ಚಿಮ್ಮುವ ಕಾರಂಜಿ. ಅಲ್ಲಿಂದ ಮುಂದೆ ನೀರಿನ ಮೇಲಕ್ಕೆ ಚಾಚಿಕೊಂಡ ಮರದ ಹಲಗೆಯ ಡೆಕ್ಕು, ಅದರ ಸುತ್ತ ಸೊಂಟಮಟ್ಟದ ಸ್ಟೀಲ್ ಕಂಬಿ. ನಿಜ ಹೇಳಬೇಕೆಂದರೆ ನನಗಿದು ಇಷ್ಟವೇ. ಚಪ್ಪಲಿಗೆ ಕೆಸರು ಅಂಟುವುದಿಲ್ಲ. ಸಂಜೆಯ ಹೊತ್ತು ಹೆಂಗಸೊಬ್ಬಳು ಒಂದು ಲೋಟ ಕಾಫಿ ಹಿಡಿದು ಒಬ್ಬಳೇ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಅಂಥ ಜಾಗ ಇನ್ನೆಲ್ಲಿದೆ, ನೀವೇ ಹೇಳಿ.

ನಾನು ಆರ್.ಟಿ. ನಗರದಲ್ಲಿ ನಲ್ಲಿಯ ನೀರು ನೋಡಿಕೊಂಡು ಬೆಳೆದವಳು, ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರ ಮಡಿಸುವುದು, ಸಾಲಿನಲ್ಲಿ ನಿಲ್ಲುವುದು, ಬೋರ್ಡಿನ ಮೇಲೆ ಬರೆದದ್ದನ್ನು ಪಾಲಿಸುವುದು, ಇವನ್ನು ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಇವತ್ತಿಗೂ ಖಾಲಿ ಅಂಗಡಿಯಲ್ಲಿ ಕೂಡ ನಾನು ಕ್ಯೂ ಎಲ್ಲಿದೆ ಎಂದು ಹುಡುಕುತ್ತೇನೆ. ಅತ್ತೆಯದು ಬೇರೆ ಪಾಠಶಾಲೆ. ಅವರು ಹುಟ್ಟಿದ್ದು ಈ ಕೆರೆಯ ದಡದ ಹಳ್ಳಿಯಲ್ಲೇ, ಸೊಸೆಯಾಗಿ ಹೋದದ್ದು ಎರಡು ಬೀದಿ ಆಚೆಗೆ. ಅವರು ಎಲ್ಲಿಗೂ ಹೋಗಲಿಲ್ಲ, ಊರೇ ಅವರ ಮೇಲೆ ಬಂದು ಕೂತಿತು. ಟವರಿನ ಮುಂಬಾಗಿಲಲ್ಲಿ ಇಂಗ್ಲಿಷ್ ಮಾತಾಡುವ ಹುಡುಗಿ ಕೂರುವ ಮೇಜಿದೆಯಲ್ಲ, ಅದನ್ನು ಅತ್ತೆ ಈಗಲೂ ‘ನಮ್ ದಂಟಿನ ಸೊಪ್ಪಿನ ಮಡಿ’ ಎನ್ನುತ್ತಾರೆ. ದುಃಖದಿಂದಲ್ಲ, ದಾರಿ ಹೇಳುವವರ ಹಾಗೆ.

ಟವರು ಎದ್ದು ಡೆಕ್ಕನ್ನು ಜನರಿಗೆ ಬಿಟ್ಟ ಹೊಸತರಲ್ಲೇ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆಯ ಪದ್ಧತಿ ಹೀಗೆ: ಚಪ್ಪರದ ದಿನ ಹೆಂಗಸರೆಲ್ಲ ಕೆರೆಗೆ ಹೋಗಿ, ದಡದಲ್ಲಿ ಐದು ಕಲ್ಲಿಟ್ಟು ಗಂಗಮ್ಮನ ಪೂಜೆ ಮಾಡಿ, ತಂಬಿಗೆಯಲ್ಲಿ ನೀರು ತರಬೇಕು. ಆ ನೀರು ಮನೆಗೆ ಬಂದ ಮೇಲೇ ಹೆಣ್ಣಿಗೆ ಅರಿಶಿಣ. ಅತ್ತೆಯ ಮದುವೆಗೂ ನೀರು ಬಂದದ್ದು ಈ ಕೆರೆಯಿಂದಲೇ, ಅವರ ತಾಯಿಯ ಮದುವೆಗೂ ಇಲ್ಲಿಂದಲೇ.

ನನ್ನ ನಾದಿನಿಯ ಮದುವೆಯ ಕಾಲಕ್ಕೆ ಕೆರೆಯ ತುಂಬ ಚರಂಡಿಯ ನೊರೆಯಿತ್ತು. ಮೂಗಿಗೆ ಸೆರಗು ಒತ್ತಿಕೊಂಡೇ ಪೂಜೆ ಮುಗಿಸಿದ್ದೆವು. ತಂದ ನೀರನ್ನು ಮದುಮಗಳ ಹತ್ತಿರಕ್ಕೆ ಒಯ್ಯದೆ ದೇವರ ಮೂಲೆಯಲ್ಲಿಟ್ಟು ಕೈಮುಗಿದೆವು. ಕೈಗೆ ಸಿಗುತ್ತಿದ್ದಾಗ ಮುಟ್ಟುವ ಹಾಗಿರಲಿಲ್ಲ. ಟವರಿನವರು ಕೆರೆ ಶುದ್ಧಿ ಮಾಡಿಸಿ ಈಗ ನೀರು ತಿಳಿಯಾಗಿದೆ, ಆದರೆ ಇಳಿಯಲು ಒಂದು ಮೆಟ್ಟಿಲಿಲ್ಲ.

ನಮ್ಮ ಯಜಮಾನರು ಸುಲಭದ ದಾರಿ ಹುಡುಕಿದರು. “ಅಮ್ಮಾ, ಬೋರ್ ನೀರು ತಗೊಳ್ಳಿ. ಅದೂ ಈ ನೆಲದ್ದೇ ತಾನೇ?”

“ಗುಂಡಿ ಒತ್ತುದ್ರೆ ಬಂದು, ಗುಂಡಿ ಒತ್ತುದ್ರೆ ನಿಂತೋಗೋಳು ಗಂಗಮ್ಮ ಆಗ್ತಾಳೇನ್ಲಾ?” ಎಂದರು ಅತ್ತೆ. “ಕೆರೆ ನೀರು ಬರ್ದಿದ್ರೆ ನಾನು ಚಪ್ಪರ್ದೊಳಕ್ಕೆ ಕಾಲಿಡಾಕಿಲ್ಲ. ನೀವ್ ಮಾಡ್ಕಳಿ.”

ಅದು ಬರೀ ಮಾತಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮೈದುನನ ಗೃಹಪ್ರವೇಶದಲ್ಲಿ ಹಸು ಕರೆಸುವ ಬದಲು ಹಸುವಿನ ಬೊಂಬೆ ಇಟ್ಟಿದ್ದರೆಂದು ಗೇಟಿನ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಜಗಳವಿಲ್ಲ, ಅಳುವಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡು, ಎರಡನೇ ಸಲ ಹೋಳಿಗೆ ಕೇಳಿ ಹಾಕಿಸಿಕೊಂಡರು. ಆದರೆ ಒಳಗೆ ಬರಲಿಲ್ಲ. ನನ್ನ ಮಗಳನ್ನು ಎತ್ತಿ ಆಡಿಸಿದ ಅಜ್ಜಿ ಅವಳ ಮದುವೆಯ ಚಪ್ಪರದ ಹೊರಗೆ ಕೂರುವುದನ್ನು ನೋಡಲು ನಾನು ತಯಾರಿರಲಿಲ್ಲ.

ಹೀಗೆ ಚಪ್ಪರದ ದಿನ ಅತ್ತೆ, ನಾದಿನಿ, ನಾನು, ಮನೆಯ ಹೆಂಗಸರೆಲ್ಲ ಹೊರಟೆವು. ಕೈಯಲ್ಲಿ ಹಿತ್ತಾಳೆ ತಂಬಿಗೆ, ಅರಿಶಿಣ ಕುಂಕುಮದ ತಟ್ಟೆ, ಹಿಂದೆ ಡೋಲಿನವನು. ಕಲ್ಲುಹಾಸಿನ ಬಯಲಿಗೆ ಕಾಲಿಟ್ಟ ತಕ್ಷಣ ಸೆಕ್ಯುರಿಟಿಯವನು ಓಡಿ ಬಂದ. ಕನ್ನಡ ಅವನಿಗೆ ಹೊಸದು.

“ಮೇಡಂ, ಪೂಜಾ ನಹೀ. ವಾಕಿಂಗ್ ಓಕೆ.”

“ವಾಕಿಂಗೇ ಕಣಪ್ಪಾ,” ಎಂದರು ಅತ್ತೆ. “ನಡ್ಕಂಡೇ ಬಂದಿರಾದು ನಾವು.”

ಅವನು ವಾಕಿಟಾಕಿಯಲ್ಲಿ ಏನೋ ಹೇಳಿದ. ಟವರಿನಿಂದ ನೀಲಿ ಕೋಟಿನ ಒಬ್ಬ ಹೆಂಗಸು ಬರುವುದು ಕಂಡಿತು. ಮೇಲ್ವಿಚಾರಣೆಯವಳು. ಅತ್ತೆ ನನ್ನ ಮೊಣಕೈ ತಿವಿದು, “ಅಮ್ಮಣ್ಣಿ, ನೀನ್ ಇಂಗ್ಲೀಷಾಗೆ ಯೋಳು. ಇದ್ಕೇ ಅಲ್ವಾ ನಿಮ್ಮಪ್ಪ ಓದ್ಸಿದ್ದು,” ಎಂದರು. ಇಷ್ಟು ವರ್ಷಗಳಲ್ಲಿ ಈ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಬಂದ ಮೊದಲ ಕರೆ ಅದು. ಗಂಟಲು ಸರಿಮಾಡಿಕೊಂಡು, ಸಿಸ್ಟರುಗಳು ಕೇಳಿದ್ದರೆ ಹೆಮ್ಮೆಪಡುವಂಥ ಒಂದು ಉದ್ದನೆಯ ವಾಕ್ಯ ಶುರುಮಾಡಿದೆ. ಅದರ ಕ್ರಿಯಾಪದ ತಲುಪುವ ಮೊದಲೇ ಅವಳು, “ಆಂಟಿ, ಕನ್ನಡದಲ್ಲೇ ಹೇಳಿ, ಪರ್ವಾಗಿಲ್ಲ. ನಾನೂ ಇಲ್ಲೇ ಚಿಕ್ಕಬಾಣಾವರದವ್ಳು,” ಎಂದಳು.

ಹೇಳಿದೆ. ಅವಳು ಕೇಳಿದಳು, ಮುಖ ಚಿಕ್ಕದು ಮಾಡಿಕೊಂಡಳು. “ನಂಗೂ ಗೊತ್ತಾಗುತ್ತೆ ಆಂಟಿ. ಆದ್ರೆ ನೀರಿಗೆ ಇಳಿಯೋಕೆ ಬಿಡಂಗಿಲ್ಲ. ಯಾರಾದ್ರೂ ಜಾರಿ ಬಿದ್ರೆ ನನ್ ಕೆಲಸ ಹೋಗುತ್ತೆ.” ಆಮೇಲೆ ಏನೋ ಹೊಳೆದವಳಂತೆ, “ಕಾರಂಜಿ ನೀರು ತಗೊಳ್ಳಿ ಅಜ್ಜಿ, ಅದೂ ಕೆರೆದೇ. ಫಿಲ್ಟರ್ ಮಾಡಿ ಬಿಡ್ತೀವಿ, ಇನ್ನೂ ಕ್ಲೀನು,” ಎಂದಳು.

ಅತ್ತೆ ಕಾರಂಜಿಯ ಹತ್ತಿರ ಹೋಗಿ ನಿಜವಾಗಿಯೂ ನೋಡಿದರು. ನೀರು ಎದ್ದಿತು, ಬಿದ್ದಿತು, ಇನ್ನೊಂದು ತೂತಿನಿಂದ ಎದ್ದಿತು. “ಚಿಮ್ಮೋಳ್ಗೆ ಎಂಗವ್ವಾ ಕುಂಕುಮ ಇಡಾದು? ಒಂದ್ಕಡೆ ನಿಂತ್ಕಳಾಕಿಲ್ವಲ್ಲ ಇವ್ಳು.”

ನಾದಿನಿ ನಕ್ಕುಬಿಟ್ಟಳು. ಮೇಲ್ವಿಚಾರಣೆಯವಳೂ ನಕ್ಕಳು. ಅತ್ತೆ ನಗಲಿಲ್ಲ. ಡೆಕ್ಕಿನ ಕೊನೆಯವರೆಗೂ ನಡೆದು ಹೋಗಿ ಕಂಬಿ ಹಿಡಿದು ಕೆಳಗೆ ನೋಡುತ್ತಾ ನಿಂತರು. ಅವರ ಬೆನ್ನು ನೋಡಿದರೆ ಇನ್ನು ಮನೆಗೆ ಬಂದು ಗೇಟಿನ ಹೊರಗೆ ಕುರ್ಚಿ ಕೇಳುತ್ತಾರೆ ಎಂದೇ ಅನಿಸಿತು. ಡೋಲಿನವನು ಬಾರಿಸುವುದನ್ನು ನಿಲ್ಲಿಸಿದ.

“ಇದೇನವ್ವಾ, ಈ ಹಗ್ಗ?” ಎಂದು ಅವರು ಅಲ್ಲಿಂದಲೇ ಕೂಗಿದರು.

ಕಂಬಿಗೆ ಕಿತ್ತಳೆ ಬಣ್ಣದ ದೊಡ್ಡ ಬಳೆಯಂಥದ್ದನ್ನು ತೂಗುಹಾಕಿ, ಅದರ ಸುತ್ತ ನೈಲಾನ್ ಹಗ್ಗ ಸುತ್ತಿದ್ದರು.

“ನೀರಿಗೆ ಬಿದ್ದೋರಿಗೆ ಎಸೆಯೋದು ಅಜ್ಜಿ. ಹಿಡ್ಕೊಂಡ್ರೆ ಎಳ್ಕೋಬಹುದು.”

“ಮನುಷ್ರುನ್ನೇ ಎಳೀತದೆ ಅಂದ್ರೆ ಒಂದು ತಂಬಿಗೆ ಎಳೆಯಾಕಿಲ್ವಾ?”

ಆ ಹೆಂಗಸು ಒಮ್ಮೆ ಟವರಿನ ಕಡೆ ನೋಡಿದಳು, ಒಮ್ಮೆ ಅತ್ತೆಯ ಕಡೆ. ಆಮೇಲೆ ತಾನೇ ಬಂದು ಹಗ್ಗ ಬಿಚ್ಚತೊಡಗಿದಳು. “ಇಳೀಬಾರ್ದು ಅಂತ ಬೋರ್ಡಿದೆ. ಸೇದಬಾರ್ದು ಅಂತ ಎಲ್ಲೂ ಇಲ್ಲ. ಬೇಗ ಮುಗ್ಸಿ ಅಜ್ಜಿ, ಕ್ಯಾಮೆರಾ ಇದೆ.”

ಅತ್ತೆಯ ಭುಜ ಮೇಲೇಳುತ್ತಿರಲಿಲ್ಲ. ಹೆಣ್ಣಿನ ತಾಯಿ ನಾನು, ನಾನೇ ಸೇದಬೇಕೆಂದಾಯಿತು. ಜೀವಮಾನದಲ್ಲಿ ಬಾವಿಯಿಂದ ಒಂದು ಕೊಡ ಸೇದಿದವಳಲ್ಲ. ತಂಬಿಗೆಯ ಕತ್ತಿಗೆ ಹಗ್ಗ ಕಟ್ಟಿ ಬಿಟ್ಟರೆ ಅದು ನೀರಿನ ಮೇಲೆ ಬಾತುಕೋಳಿಯ ಹಾಗೆ ತೇಲಿತು. ಎತ್ತಿದೆ, ಖಾಲಿ. ಮತ್ತೆ ಬಿಟ್ಟೆ, ಮತ್ತೆ ಖಾಲಿ. ಕಾಫಿ ಲೋಟ ಹಿಡಿದ ಆಫೀಸಿನವರು ಸುತ್ತ ಸೇರಿ ಫೋನು ಮೇಲೆತ್ತಿದರು.

“ಕುಂಡ್ರಿಸ್‌ಬ್ಯಾಡ ಕಣಮ್ಮಣ್ಣಿ, ಅದೇನ್ ಮದ್ವೆಗಂಡಾ? ಒಂದ್ ಪಕ್ಕಕ್ಕೆ ಎಳ್ದು ಸಡ್ಲ ಬಿಡು. ಬಾಯಿ ಬಗ್ಗುದ್ರೆ ಅದೇ ಕುಡೀತದೆ.”

ಎಳೆದು ಸಡಿಲ ಬಿಟ್ಟೆ. ತಂಬಿಗೆ ವಾಲಿತು, ಗುಳುಗುಳು ಎಂದಿತು, ಮುಳುಗಿತು. ಹಗ್ಗಕ್ಕೆ ಭಾರ ಬಂದದ್ದು ಅಂಗೈಗೆ ಗೊತ್ತಾಯಿತು. ಮೇಲೆಳೆದು ಅತ್ತೆಯ ಕೈಗಿತ್ತೆ. ಅವರು ಅದರೊಳಗೆ ಮುಖವಿಟ್ಟು ಮೂಸಿ ನೋಡಿದರು. ಇಷ್ಟೆಲ್ಲ ಶುದ್ಧಿಯಾದ ಮೇಲೆ ಏನು ವಾಸನೆ ಉಳಿದಿರುತ್ತದೋ ನನಗೆ ತಿಳಿಯದು.

“ನಮ್ದೇ,” ಎಂದರು.

ಗಿಡಗಳ ಬುಡಕ್ಕೆ ಅಲಂಕಾರಕ್ಕೆಂದು ಸುರಿದಿದ್ದ ಬಿಳಿ ಕಲ್ಲುಗಳಲ್ಲಿ ಐದನ್ನು ಆರಿಸಿ ಹಲಗೆಯ ಮೇಲಿಟ್ಟು ಪೂಜೆ ಮಾಡಿದೆವು. ಮೇಲ್ವಿಚಾರಣೆಯವಳಿಗೂ ಕುಂಕುಮ ಕೊಟ್ಟು ಅತ್ತೆ, “ನಿಂಗೂ ಬ್ಯಾಗ ಆಗ್ಲವ್ವಾ,” ಎಂದರು. “ಅಯ್ಯೋ ಅಜ್ಜಿ, ಆಗಿ ಮಗ ಸ್ಕೂಲಿಗೆ ಹೋಗ್ತಿದಾನೆ,” ಎಂದಳು ಅವಳು. ಅಂದು ಸಂಜೆ ಚಪ್ಪರದೊಳಗೆ ಎಲ್ಲರಿಗಿಂತ ಮೊದಲು, ನಡುಮಧ್ಯದ ಕುರ್ಚಿಯಲ್ಲಿ ಕೂತವರು ಅತ್ತೆ.

ಅದಕ್ಕೂ ಮೊದಲು ಅವರು ಡೆಕ್ಕಿಗೆ ಕಾಲಿಟ್ಟಿರಲಿಲ್ಲ. ‘ಅದು ಅವರ್ದು, ನಮ್ಗ್ಯಾಕೆ’ ಎನ್ನುತ್ತಿದ್ದರು. ಮದುವೆ ಮುಗಿದ ಮೇಲೆ ದಿನವೂ ಸಂಜೆ ನನ್ನೊಡನೆ ಹೊರಡತೊಡಗಿದರು. ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತ ಆಫೀಸಿನ ಹುಡುಗರಿಗೆ, ಅವರಿಗೆ ಕನ್ನಡ ಬರಲಿ ಬಿಡಲಿ, ಎಲ್ಲಿ ತೂಬಿತ್ತು, ಎಮ್ಮೆಗಳು ಎಲ್ಲಿ ಇಳಿಯುತ್ತಿದ್ದವು ಎಂದೆಲ್ಲ ಹೇಳುತ್ತಿದ್ದರು.

ಈಚೆಗೆ ಮಂಡಿ ಹಿಡಿದುಕೊಂಡಿದೆ. ಅತ್ತೆ ಮನೆಯಲ್ಲೇ. ನಾನು ವಾಕಿಂಗ್ ಮುಗಿಸಿ ಬಂದ ಕೂಡಲೇ ಕೇಳುತ್ತಾರೆ, “ನೀರೆಷ್ಟೈತೆ?” ಮೊದಲ ದಿನ, “ಚೆನ್ನಾಗಿದೆ ಅತ್ತೆ,” ಎಂದಿದ್ದೆ. “ಚೆನ್ನಾಗಿರಾಕೆ ಅದೇನ್ ಸೀರೆನಾ? ಎಷ್ಟೈತೆ ಯೋಳು,” ಎಂದರು. ಅಷ್ಟು ಕಾಲ ಆ ನೀರಿನ ಪಕ್ಕ ನಡೆದೂ ನಾನು ಅದನ್ನು ಅಳೆದು ನೋಡಿರಲಿಲ್ಲ. ಡೆಕ್ಕಿನ ಕೆಳಗೆ ಕಂಬಗಳ ಮೇಲೆ ಪಾಚಿಯ ಗೆರೆಗಳಿವೆ. ನೀರು ಯಾವ ಗೆರೆಯಲ್ಲಿದೆ ಎಂದು ನೋಡಬೇಕಾದರೆ ಕಂಬಿಯ ಮೇಲೆ ಹೊಟ್ಟೆಯಿಟ್ಟು ಚೆನ್ನಾಗಿ ಬಗ್ಗಬೇಕು.

ಇವತ್ತೂ ಬಗ್ಗಿದೆ. ಹಿಂದಿನಿಂದ ಸೀಟಿ ಕೇಳಿಸಿತು. ಹೊಸ ಸೆಕ್ಯುರಿಟಿಯವನು. “ಮೇಡಂ! ಪೀಛೇ! ಪೀಛೇ!” ಎಂದು ಕೂಗುತ್ತಾ ಓಡಿ ಬರುತ್ತಿದ್ದ. ವಾಕಿಂಗಿನವರೆಲ್ಲ ನಿಂತು ನನ್ನನ್ನೇ ನೋಡಿದರು.

“ಒಂದ್ ನಿಮಿಷ ಇರಪ್ಪಾ,” ಎಂದೆ ತಲೆಯೆತ್ತದೆ. “ಮನೇಲಿ ಕೇಳ್ತಾರೆ.”

ಹೋದ ವಾರಕ್ಕಿಂತ ಒಂದು ಗೇಣು ಇಳಿದಿತ್ತು.